ಹಿಮದ ಮೇಲಿನ ಕೆಂಪು

ಡಿಸೆಂಬರ್ ೨೬

ಮಲಗುವ ಮುಂಚೆ ಇದನ್ನು ಬರೆದಿಡುತ್ತಿದ್ದೇನೆ.

ಸಂಜೆ ಸೌನಾದಲ್ಲಿ ಹಬೆಸ್ನಾನ ಮುಗಿಸಿ ಹೊರಬಂದು, ನಾನೂ ಅಣ್ಣ ಆರ್ಮಾಸನೂ ಎಂದಿನಂತೆ ಕೊಟ್ಟಿಗೆಯ ಪಕ್ಕ ಹಿಮದ ಮೇಲೆ ಮೂತ್ರಕ್ಕೆ ನಿಂತೆವು. ಅವನದು ಹಳದಿ. ನನ್ನದು ಕಡುಗೆಂಪು.

"ಲೋ, ರಕ್ತ ಕಣೋ ಅದು!"

"ಕ್ರಿಸ್‌ಮಸ್‌ಗೆ ತಿಂದ ಬೀಟ್‌ರೂಟ್ ಸಲಾಡಿನ ಬಣ್ಣ ಕಣಣ್ಣಾ," ಎಂದು ನಕ್ಕೆ.

"ಯಾವ ಸಲಾಡೋ? ನಿನ್ನ ಪಾಲನ್ನೂ ನಾನೇ ತಾನೆ ತಿಂದಿದ್ದು! ಚಿಕ್ಕಂದಿನಿಂದ ಬೀಟ್‌ರೂಟ್ ಅಂದ್ರೆ ವಾಂತಿ ಮಾಡ್ಕೊಳ್ಳೋನು ನೀನು!"

ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂದುಬಿಟ್ಟಿತಲ್ಲ! ಬರಿಮೈಯಲ್ಲಿ ನಿಂತಿದ್ದರೂ ಚಳಿಯೇ ಗೊತ್ತಾಗಲಿಲ್ಲ.

ಅಣ್ಣನೇ ಆಸ್ಪತ್ರೆಗೆ ಫೋನ್ ಹಚ್ಚಿ ಕೈಗಿತ್ತ. ನೋವೇನೂ ಇಲ್ಲ ಎಂದು ನರ್ಸ್‌ಗೆ ಹೇಳಿದೆ.

"ನೋವಿಲ್ಲ ಅಂತಾನೇ ಎಲ್ರೂ ಸುಮ್ನಿದ್ದುಬಿಡ್ತಾರೆ. ಒಂದೇ ಸಲ ರಕ್ತ ಕಂಡ್ರೂ ತೋರಿಸ್ಲೇಬೇಕು. ನಾಳೆ ಬೆಳಿಗ್ಗೇನೇ ಬನ್ನಿ. ಮೂತ್ರ ಕಟ್ಟಿಕೊಂಡ್ರೆ, ಜ್ವರ ಬಂದ್ರೆ ಈಗಲೇ ಹೊರಡಿ. ಹಿಂದೆ ಯಾವಾಗಾದ್ರೂ ಕಂಡಿತ್ತಾ?"

"ಇಲ್ಲ," ಎಂದೆ. ಅಣ್ಣ ನನ್ನನ್ನೇ ನೋಡುತ್ತಿದ್ದ.

ಕಂಡಿತ್ತು. ಅಕ್ಟೋಬರಿನಲ್ಲಿ ಎರಡು ಸಲ, ಮನೆಯ ಶೌಚಾಲಯದಲ್ಲಿ. ನೀರು ಬಿಟ್ಟೆ, ಹೋಯಿತು, ನಾನೂ ಮರೆತೆ. ಈ ಹಿಮ ಮಾತ್ರ ಏನನ್ನೂ ತೊಳೆದುಕೊಂಡು ಹೋಗುವುದಿಲ್ಲ. ಅಂಗಳದ ದೀಪದಲ್ಲಿ ಆ ಕೆಂಪು ಈ ಕಿಟಕಿಯಿಂದಲೂ ಕಾಣುತ್ತಿದೆ.

ಬೆಳಿಗ್ಗೆ ಡಾಕ್ಟರ ಮುಂದೆ ನಾನು ಹೇಳುವ ಮೊದಲ ಮಾತೇ ಅಕ್ಟೋಬರಿನದು.