ಬಾಗಿಲ ಹೊರಗೆ ಕೂತ ಅವ್ವ

ಗಂಗಕ್ಕಾ,

ನಾನು ಯಾದಗಿರಿಗೆ ಹೊರಟೆ, ಅಲ್ಲಿಂದ ರೈಲು. ರೊಟ್ಟಿ, ಪುಂಡಿಪಲ್ಯ ಬಾಗಿಲ ಮುಂದಿನ ಸ್ಟೂಲಿನ ಮೇಲಿವೆ. ಉಂಡ ತಾಟನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿ ಹೊರಗಿಡು. ವಿಜ್ಞಾನಿಗೆ ನಾನೇನು ಹೇಳಿಕೊಡುವುದು.

ನೀನು ವೈರಸ್ ಹಬ್ಬಿದ ಊರಲ್ಲಿ ಕೆಲಸ ಮಾಡಿ ಬಂದೆ, ಸೋಂಕು ತಗುಲಿರಬಹುದೆಂದು ನನ್ನ ಕೋಣೆ ಹಿಡಿದೆ. ಜ್ವರವಿಲ್ಲ, ಕೆಮ್ಮಿಲ್ಲ. ಆದರೂ ಅವ್ವ ಇಡೀ ದಿನ ಬಾಗಿಲ ಹೊರಗೆ ಕೂತು, "ಗಂಗೀ, ಉಂಡಿ ಏನವ್ವಾ? ಮೈ ಬಿಸಿ ಆಗೇದೇನು?" ಅನ್ನುತ್ತಾಳೆ. ಹಾಸ್ಟೆಲಿನಲ್ಲಿ ನನಗೆ ಡೆಂಗಿ ಆದಾಗ ಅವಳು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಎಳನೀರ ಕುಡಿ ಮಲ್ಲೀ. ನಾಳಿ ಸಂತಿ ಅದ, ಬರ್ಲಾಕ ಆಗಲ್ಲ." ನನಗೆ ಹೊಟ್ಟೆ ಉರಿಯುತ್ತದೆ. ಸುಳ್ಳೇಕೆ ಹೇಳಲಿ?

ಅವಳ ಬಿಪಿ ಗುಳಿಗೆ ಮರೆಯದಂತೆ ಒಳಗಿಂದಲೇ ಕೂಗು. ನೀನು ಹೇಳಿದರೆ ಕೇಳುತ್ತಾಳೆ.

ನಾಳೆ ನನ್ನ ಸಂದರ್ಶನ ನಿನ್ನ ಲ್ಯಾಬಿನಲ್ಲೇ. ನಿನ್ನ ತಂಗಿ ಎಂದು ಯಾರಿಗೂ ಹೇಳಿಲ್ಲ, ನೀನೂ ಫೋನ್ ಮಾಡಬೇಡ. ಕೆಲಸ ಸಿಕ್ಕರೆ ಅದು ನನ್ನದಾಗಿಯೇ ಸಿಗಲಿ.

ಮುಂದೊಂದು ದಿನ ನಾನೂ ಅಂಥ ಊರಿಂದ ಬಂದು ಇದೇ ಕೋಣೆ ಸೇರುತ್ತೇನೆ. ಅವ್ವ ಹೊರಗೆ ಎಷ್ಟು ಹೊತ್ತು ಕೂರುತ್ತಾಳೋ ನೋಡೇಬಿಡೋಣ.

ಮಲ್ಲೇಶ್ವರಿ