ಹೂಂಗುಟ್ಟಿದ ಡೋಲು

ನವೆಂಬರ್ ೧೪, ಶುಕ್ರವಾರ. ಡೆಲ್ಫ್ಟ್.

ಆ ಡೋಲಿನ ಸದ್ದು ಕಿವಿ ಬಿಟ್ಟು ಹೋಗುತ್ತಿಲ್ಲ.

ಪಕ್ಕದ ಮನೆಯ ಬರ್ಮಾದ ಥೇನ್ ಮೊನ್ನೆ ಬಾರಿಸುತ್ತಲೇ ಸತ್ತ. ಸುತ್ತ ಡೋಲುಗಳು, ನಡುವೆ ಅವನು ಕೂರುತ್ತಿದ್ದ ಜಾಗ ಖಾಲಿ. ಅನ್ನಕ್ಕೆ ಬೂದಿ ಕಲಸಿ ಚರ್ಮಕ್ಕೆ ಮೆತ್ತಿ ಶ್ರುತಿ ಮಾಡುತ್ತಿದ್ದ. ಬಾರಿಸಿದ ಮೇಲೆ ಅದನ್ನು ಕೆರೆದು ತೆಗೆಯಲೇಬೇಕು, ಇಲ್ಲದಿದ್ದರೆ ಚರ್ಮ ಕೊಳೆಯುತ್ತದೆ. ಅವನ ಹೆಂಡತಿಗೆ ಕೈ ಬರಲಿಲ್ಲ, ನನ್ನನ್ನು ಕರೆದಳು.

ಸಂಜೆ ಮಗಳು ರಿಹಾನಾ ಜೊತೆ ಹೋಗಿ ಚಮಚದಿಂದ ಒಂದೊಂದಾಗಿ ಕೆರೆದೆ. ಆ ಹೆಂಗಸು ಬಿಕ್ಕತೊಡಗಿದಳು. ನನಗೆ ರೇಗಿತು.

"ಸಾಕಮ್ಮಾ, ಅತ್ರೆ ಬರ್ತಾನಾ ಅವ್ನು?"

ಕೆರೆಯಲು ಉಳಿದಿದ್ದ ಒಂದೇ ಡೋಲು ಹೂಂ ಎಂದಿತು. ಯಾರೂ ಮುಟ್ಟಿರಲಿಲ್ಲ.

ರಿಹಾನಾ ನಕ್ಕಳು. "ನಿಮ್ಮ ದನಿಗೆ ಅದು ಅದುರುತ್ತೆ ಅಬ್ಬಾ, ಅಷ್ಟೇ. ಹೆದರ್ಕೊಂಡ್ರಾ?"

"ಬಾಯ್ಮುಚ್ಚು!"

ಅದಕ್ಕೂ ಹೂಂ ಎಂದಿತು.

ಥೇನ್ ಹೆಂಡತಿಯ ಅಳು ನಿಂತಿತು. ಬಗ್ಗಿ ಡೋಲಿಗೆ ಅವಳ ಭಾಷೆಯಲ್ಲಿ ಏನೋ ಕೇಳಿದಳು. ಅದು ಸುಮ್ಮನಿತ್ತು. ಆಮೇಲೆ ರಿಹಾನಾ ಕಡೆ ತಿರುಗಿ ಡಚ್ಚಿನಲ್ಲಿ ಏನೋ ಹೇಳಿದಳು. ರಿಹಾನಾ ಮುಖದ ನಗು ಹೋಯಿತು.

"ನೀವೇ ಕೇಳ್ಬೇಕಂತೆ ಅಬ್ಬಾ. ಅವ್ರು ಅಲ್ಲಿ ಚೆನ್ನಾಗಿದಾರಾ ಅಂತ."

ಕೇಳಿದೆ. ಏನು ಮಾಡಲಿ? ಹೂಂ ಎಂದಿತು.

ಅದೊಂದನ್ನು ಕೆರೆಯಲು ಅವಳು ಬಿಡಲಿಲ್ಲ. ನಾಳೆಯೂ ಬಂದು ಕೇಳಬೇಕಂತೆ, ಬಹಳ ಕೇಳುವುದಿದೆಯಂತೆ. ಅನ್ನ ಆಗಲೇ ಹುಳಿ ನಾರುತ್ತಿತ್ತು. ಚರ್ಮ ಕೊಳೆತು ಹೋಗುವವರೆಗೂ ನಾನು ದಿನಾ ಹೋಗಿ ಕೇಳಬೇಕು.