ಅಪ್ಪನ ಲ್ಯಾಪ್‌ಟಾಪನ್ನು ಮುಟ್ಟುವ ಮುನ್ನ

ಕಿರುಂಡಾ,

ಕಬ್ಬು ಕಡಿಯುವವರ ಮೆರವಣಿಗೆಗೆಂದು ಜಿಂಜಾ ಪಟ್ಟಣಕ್ಕೆ ಹೊರಟಿದ್ದೇನೆ. ವಾಪಸು ಬರುವುದು ಸಂಜೆಗೋ, ಪೊಲೀಸರು ಬಿಟ್ಟಾಗಲೋ ಗೊತ್ತಿಲ್ಲ. ಗೆಣಸು ಬೇಯಿಸಿಟ್ಟಿದ್ದೇನೆ. ಕಡಲೆಕಾಯಿ ಸಾರು ಬಿಸಿ ಮಾಡಿ ಅಪ್ಪನಿಗೆ ಬಡಿಸು.

ನೀನು ತಂದ ಹೊಸ ಲ್ಯಾಪ್‌ಟಾಪಿಗೆ ಹಳೆಯ ಸಿಸ್ಟಮ್ಮನ್ನೇ ಹಾಕಿಸಿದ್ದೇನೆ. ಕೂಗಾಡಬೇಡ. ಕಣ್ಣಿಲ್ಲದ ಅಪ್ಪ ಒತ್ತುವ ಒಂದೊಂದು ಅಕ್ಷರವನ್ನೂ ಓದಿ ಹೇಳುವುದು ಅಮ್ಮನ ದನಿ. ಸಾಯುವ ಮುಂಚೆ ಅವಳು ಅಂಧರ ಶಾಲೆಯಲ್ಲಿ ಕೂತು ನಮ್ಮ ಲುಸೋಗಾ ಭಾಷೆಯಲ್ಲಿ ರೆಕಾರ್ಡ್ ಮಾಡಿಸಿದ್ದು. ಹೊಸ ಸಿಸ್ಟಮ್ಮು ಅದನ್ನು ‘ನಂಬಿಕೆಗೆ ಅರ್ಹವಲ್ಲ’ ಎಂದು ಹೊರಗಿಟ್ಟಿತು. ನಮ್ಮ ಭಾಷೆಯ ಒಂದು ಮಾತೂ ಬಾರದವರು ನಮ್ಮಮ್ಮನನ್ನು ನಂಬುವುದಿಲ್ಲವಂತೆ!

“ಅಪ್ಪ ಹೊಸದಕ್ಕೆ ಹೊಂದ್ಕೋತಾರೆ ಬಿಡಕ್ಕಾ” ಎಂದೆಯಲ್ಲ, ಅವರು ಅಂದಿನಿಂದ ಒಂದು ಸಾಲೂ ಬರೆದಿಲ್ಲ. ನಿನ್ನೆ ಕೀಲಿಗಳ ಮೇಲೆ ಬೆರಳಿಟ್ಟುಕೊಂಡೇ, “ಇವಳ್ಯಾಕೆ ಸುಮ್ನಾದ್ಲು?” ಎಂದು ಕೇಳಿದರು. ಆಗಲೇ ಲ್ಯಾಪ್‌ಟಾಪನ್ನು ಎತ್ತಿಕೊಂಡು ರಿಪೇರಿ ಅಂಗಡಿಗೆ ಹೋದೆ.

ಅಪ್‌ಡೇಟ್ ಮಾಡು ಎಂದು ಅದು ಪೀಡಿಸುತ್ತದೆ, ಬೇಡ ಎನ್ನು. ಇಂಟರ್ನೆಟ್ಟಿಗೆ ಜೋಡಿಸಲೇಬೇಡ, ಹೊಸ ಸಿಸ್ಟಮ್ಮು ತಾನಾಗಿಯೇ ಬಂದು ಕೂತುಬಿಡುತ್ತದೆ. ಫುಟ್‌ಬಾಲ್ ನೋಡಬೇಕಿದ್ದರೆ ಎದುರಿನ ವಿಡಿಯೊ ಹಾಲಿಗೆ ಹೋಗು.

ಅಮ್ಮ ಹೋದಳೆಂದು ಅಪ್ಪನಿಗೆ ಹೇಳಿದವಳು ನಾನು. ಅವಳ ದನಿ ಮತ್ತೆ ನಿಂತರೆ, ಈ ಸಲ ನೀನೇ ಹೇಳಬೇಕು.

ನೈಗಗಾ